ಬೊಮ್ಮನ ಹೆಸರನ್ನು ಓದುವವರಾರು?

ವರ್ಷಾರಂಭದಲ್ಲಿ ಹಾಜರಿ ಪುಸ್ತಕವನ್ನು ಹಿಡಿದು ನಿಂತಾಗಲೆಲ್ಲ ಬೊಮ್ಮಣ್ಣ, ಬೊಮ್ಮಕ್ಕ, ಬೊಮ್ಮಲಿಂಗ ಎಂಬ ಹೆಸರುಗಳಲ್ಲಿ ಒಂದಾದರೂ ನನ್ನ ನಾಲಗೆಯ ಮೇಲೆ ಬಾರದೆ ಇರುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ದುರ್ಗಕ್ಕೆ ಬರುವ ಮಕ್ಕಳಿವರು. ಸಂಸ್ಕೃತದ ಬ್ರಹ್ಮನು ಕನ್ನಡಿಗರ ಬಾಯಲ್ಲಿ ಬೊಮ್ಮನಾದ ಬಗೆಯನ್ನು ತದ್ಭವದ ಪಾಠದಲ್ಲಿ ಹೇಳುವಾಗ ಉದಾಹರಣೆಗೆ ನಾನು ದೂರ ಹೋಗಬೇಕಾಗಿಲ್ಲ. ಮುಂದಿನ ಬೆಂಚಿನಲ್ಲಿಯೇ ಉದಾಹರಣೆ ಕುಳಿತಿರುತ್ತದೆ. ಇದೇ ಹೆಸರು ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಅರಬ್ಬೀ ಭಾಷೆಯ ಕಾಗದಗಳನ್ನು ಸೇರಿ, ಈಜಿಪ್ಟಿನಲ್ಲಿ ಉಳಿದು, ನಮ್ಮ ಕಾಲದ ಪಂಡಿತರನ್ನು ಕೆಲಕಾಲ ದಾರಿ ತಪ್ಪಿಸಿತೆಂಬುದನ್ನು ಮಾತ್ರ ಅವರಿಗೆ ಯಾವ ಪಠ್ಯವೂ ಹೇಳುವುದಿಲ್ಲ.

ಹಳೆಯ ಕೈರೋ ನಗರದ ಬೆನ್ ಎಜ್ರಾ ಯೆಹೂದ್ಯ ಮಂದಿರದಲ್ಲಿ ಗೆನೀಜಾ ಎಂಬ ಒಂದು ಕೋಣೆಯುಂಟು. ದೇವರ ಹೆಸರಿರಬಹುದಾದ ಬರಹವನ್ನು ಹರಿಯಬಾರದೆಂದು ಆ ಜನ ತಮ್ಮ ಹಳೆಯ ಕಾಗದಗಳನ್ನೆಲ್ಲ ಅಲ್ಲಿ ಹಾಕುತ್ತಿದ್ದರು. ನಾವಾದರೋ ಜೀರ್ಣವಾದ ಓಲೆಗರಿಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟೆವು! ಭಕ್ತಿ ಎರಡು ಕಡೆಯೂ ಒಂದೇ. ಆದರೆ ಅಲ್ಲಿ ಚರಿತ್ರೆ ಉಳಿಯಿತು. ಸಾಲೊಮನ್ ಷೆಕ್ಟರ್ ಎಂಬ ವಿದ್ವಾಂಸನು 1896-97ರಲ್ಲಿ ಅಲ್ಲಿಂದ ಕೇಂಬ್ರಿಜ್ಜಿಗೆ ಸಾಗಿಸಿದ ತುಣುಕುಗಳು ಲಕ್ಷವನ್ನು ಮೀರಿದುವು. ಮದುವೆಯ ಕರಾರು, ಸಾಲದ ಚೀಟಿ, ಸರಕಿನ ಪಟ್ಟಿ, ತಾಯಿ ಮಗನಿಗೆ ಬರೆದ ಓಲೆ, ಎಲ್ಲವೂ ಅದರಲ್ಲಿವೆ. ಬಹುಪಾಲು ವ್ಯವಹಾರಪತ್ರಗಳ ಭಾಷೆ ಅರಬ್ಬೀ; ಲಿಪಿ ಹೀಬ್ರೂ. ಎಸ್. ಡಿ. ಗೊಯ್‌ಟೈನ್ (1900-1985) ತಮ್ಮ ಬಾಳಿನ ಅರ್ಧವನ್ನು ಇವುಗಳಿಗೆ ಧಾರೆಯೆರೆದು ಮಧ್ಯಯುಗದ ಮೆಡಿಟರೇನಿಯನ್ ಸಮಾಜವನ್ನು ಐದು ಸಂಪುಟಗಳಲ್ಲಿ ಕಣ್ಣ ಮುಂದೆ ನಿಲ್ಲಿಸಿದರು.

ಆ ಕಾಗದಗಳಲ್ಲಿ ನಮ್ಮ ಕರಾವಳಿಯೂ ಉಂಟು. ಟುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ 1132ಕ್ಕೆ ಮೊದಲೇ ಮಂಗಳೂರಿಗೆ ಬಂದು, 1149ರವರೆಗೆ ಈ ಕಡೆಯಲ್ಲಿಯೇ ಇದ್ದನು. ಆಶು ಎಂಬ ದಾಸಿಗೆ ಅವನು 1132ರ ಅಕ್ಟೋಬರಿನಲ್ಲಿ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಊಹಿಸುತ್ತಾರೆ. ಇಲ್ಲಿಂದ ಏಡನ್ನಿಗೆ ಅವನು ಕಳುಹಿಸುತ್ತಿದ್ದುದು ಮೆಣಸು, ಏಲಕ್ಕಿ, ಕಬ್ಬಿಣ, ಅಡಕೆ. ಅಡಕೆಯ ಮಾತು ಬಂದಾಗ ಹೊಳಲ್ಕೆರೆ ಕಡೆಯ ಹುಡುಗರ ಕಿವಿ ನೆಟ್ಟಗಾಗುವುದನ್ನು ನಾನು ಕಂಡಿದ್ದೇನೆ. ಈ ವರ್ತಕನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸುತ್ತಿದ್ದ ಒಬ್ಬ ಸೇವಕನಿದ್ದನು. ಹೆಸರಿಗೆ ಗುಲಾಮ, ಕೆಲಸದಲ್ಲಿ ಈಗಿನ ಏಜೆಂಟನಂತೆ. ಏಡನ್ನಿನ ವರ್ತಕರು ಇವನಿಗೂ ತಮ್ಮ ಪತ್ರದಲ್ಲಿ ಕುಶಲ ಹೇಳಿ ಕಳುಹಿಸಿದ್ದಾರೆ. ಅಲ್ಲಿ ಇವನು ಕುಡಿದು ಬಂದು ಹಣಕ್ಕಾಗಿ ಪೀಡಿಸಿದನೆಂಬ ದೂರೂ ಒಂದು ಕಾಗದದಲ್ಲಿದೆ.

ಅವನ ಹೆಸರು ಆ ಲಿಪಿಯಲ್ಲಿ ಬ, ಮ, ಆ ಎಂದಷ್ಟೇ ಇದೆ. ಗೊಯ್‌ಟೈನರು ಪ್ರಸಿದ್ಧ ಇತಿಹಾಸಜ್ಞ ಎ. ಎಲ್. ಬಾಷಂ ಅವರನ್ನು ವಿಚಾರಿಸಿ ‘ಬಾಮ’ ಎಂದು ಓದಿದರು. ಬ್ರಹ್ಮನ ದೇಶ್ಯ ರೂಪವೆಂದು ತಿಳಿದರು. ದಿಕ್ಕು ಸರಿ, ಊರು ತಪ್ಪು. ಕಾದಂಬರಿಕಾರ ಅಮಿತಾವ್ ಘೋಷರು ಆ ಸೇವಕನ ಜಾಡು ಹಿಡಿದು ಮಂಗಳೂರಿಗೆ ಬಂದು, ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈಗಳನ್ನು ಕಂಡ ಮೇಲೆ ‘ಬಾಮ’ನು ಬೊಮ್ಮನಾದನು. 1992ರಲ್ಲಿ ಪ್ರಕಟವಾದ ಘೋಷರ ಪುಸ್ತಕದಲ್ಲಿ ಈ ಪ್ರಸಂಗವಿದೆ. ಬೊಮ್ಮನು ತುಳುನಾಡಿನವನಿರಬೇಕು, ದುರ್ಗದವನೆಂದು ನಾನು ಎಳೆದು ತರುತ್ತಿಲ್ಲ. ನಾನು ಹೇಳುವುದಿಷ್ಟೆ: ನಮ್ಮ ಊರಿನ ಯಾವ ಕುರಿಗಾಹಿಯಾದರೂ ಬಿಡಿಸಬಹುದಾಗಿದ್ದ ಗಂಟಿಗೆ ಜಗತ್ತಿನ ಪಾಂಡಿತ್ಯ ದಶಕಗಳ ಕಾಲ ಕಾಯಬೇಕಾಯಿತು. ಏಕೆಂದರೆ ಕನ್ನಡ-ತುಳುಗಳನ್ನು ಬಲ್ಲವರಲ್ಲಿ ಯಾರೂ ಆ ಕಾಗದಗಳ ಬಳಿಯಲ್ಲಿ ಇರಲಿಲ್ಲ.

ಇಂತಹ ಸಂಬಂಧ ಇದೊಂದೇ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರ ಕೆಲವು ಮಾತುಗಳು ಕನ್ನಡವೆಂದು ಮರುವರ್ಷ ಸೂಚಿಸಿದವನು ಹುಲ್ಟ್ಸ್ ಎಂಬ ಜರ್ಮನ್ ಪಂಡಿತ. ಎಲ್ಲರೂ ಒಪ್ಪಿದ ಮಾತಲ್ಲ ಅದು. ಆದರೂ ಮಂಜೇಶ್ವರದ ಗೋವಿಂದ ಪೈಗಳಂಥವರು ಅದನ್ನು ಕೈಗೆತ್ತಿಕೊಂಡು ವಿಚಾರ ಮಾಡಿದರು. ದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿಯೇ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. ಎಂ. ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವ್ಹೀಲರರು 1947ರಲ್ಲಿ ಅಲ್ಲಿ ಅಗೆದರು. ಸಂಜೆ ಅಲ್ಲಿಗೆ ತಿರುಗಾಟಕ್ಕೆ ಹೋಗುವ ನಮ್ಮ ಪಟ್ಟಣಿಗರಿಗೆ ಮಯೂರಶರ್ಮನ ಶಾಸನ ಗೊತ್ತು, ಆ ನಾಣ್ಯಗಳ ಸುದ್ದಿ ಗೊತ್ತಿಲ್ಲ.

ಇವು ಪಂಡಿತರ ವಿನೋದವೆಂದು ಯಾರಾದರೂ ತಳ್ಳಿಹಾಕಬಹುದು. ಆದರೆ ಇನ್ನೊಂದು ವಿಷಯವನ್ನು ಹಾಗೆ ತಳ್ಳುವಂತಿಲ್ಲ. 1779ರಲ್ಲಿ ಹೈದರಾಲಿಯು ಈ ಕೋಟೆಯನ್ನು ಹಿಡಿದು ಮದಕರಿನಾಯಕನನ್ನು ಸೆರೆಯೊಯ್ದುದು ಇಲ್ಲಿ ಇನ್ನೂ ಹಸಿಯಾಗಿರುವ ನೆನಪು. ಆ ಮನೆತನದ ಆಳ್ವಿಕೆಯನ್ನು ಪಾರಸೀ ಭಾಷೆಯಲ್ಲಿ ಬರೆದಿಟ್ಟವನು ಟಿಪ್ಪುವಿನ ಸೇವೆಯಲ್ಲಿದ್ದ ಕಿರ್ಮಾನಿ. ನಾನು ತರಗತಿಯಲ್ಲಿ ಅದನ್ನು ಹೇಳಬೇಕಾದರೆ ಕರ್ನಲ್ ಮೈಲ್ಸ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು ತೆರೆಯಬೇಕು. ಆ ಕರ್ನಲನು ನಮ್ಮ ಊರುಗಳ ಹೆಸರುಗಳನ್ನು ಎಷ್ಟು ಮಟ್ಟಿಗೆ ಸರಿಯಾಗಿ ಕೇಳಿದನೋ, ಮೂಲ ಓದಲು ಬಾರದ ನಾನು ಹೇಗೆ ಬಲ್ಲೆ? 2015ರಲ್ಲಿ ಸರಕಾರವು ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದು ಮಾಡಿತು. ಆ ವರ್ಷಗಳ ಸಭೆಗಳಲ್ಲಿ ಹೊಗಳಿದವರ ಮಾತನ್ನೂ ಕೇಳಿದೆ, ತೆಗಳಿದವರ ಮಾತನ್ನೂ ಕೇಳಿದೆ. ನಾನು ಕೇಳಿದ ಭಾಷಣಕಾರರಲ್ಲಿ ಪಾರಸೀ ಮೂಲದ ಒಂದು ಪುಟವನ್ನು ಓದಿ ಬಂದವರು ಒಬ್ಬರೂ ಇರಲಿಲ್ಲ. ಟಿಪ್ಪುವಿನ ಗ್ರಂಥಭಂಡಾರದ ಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟ್ ಎಂಬವನು 1809ರಲ್ಲಿಯೇ ಅಚ್ಚುಹಾಕಿಸಿದ್ದನು. ಜಗಳಕ್ಕೆ ಬೇಕಾದ ಕಾಗದಗಳೆಲ್ಲ ಹೀಗೆ ಪರರ ಲೆಕ್ಕದಲ್ಲಿರಲು, ನಮಗೆ ಉಳಿದುದು ಬರಿಯ ಜಗಳ.

ಹಳಗನ್ನಡದ ಒಂದು ಪದ್ಯವನ್ನು ಬಿಡಿಸಲು ತಿಣುಕುವ ಹುಡುಗರಿಗೆ ಪಾರಸೀ ಅರಬ್ಬೀಗಳನ್ನು ಹೊರಿಸುವುದೆ, ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎಲ್ಲರಿಗೂ ಹೊರಿಸಬೇಡಿ, ನೂರರಲ್ಲಿ ಇಬ್ಬರು ಕಲಿತರೆ ಸಾಕು. ಸಂಸ್ಕೃತ ಪ್ರಾಕೃತಗಳ ಋಣವನ್ನು ಒಪ್ಪಿಕೊಳ್ಳುವ ಕನ್ನಡ ಎಂ. ಎ. ತರಗತಿ, ಜಮೀನು, ಅರ್ಜಿ, ದಾಖಲೆ, ರೈತ ಎಂಬ ಮಾತುಗಳಿಲ್ಲದೆ ಒಂದು ದಿನವೂ ಬಾಳಲಾರದ ಈ ನಾಡಿನಲ್ಲಿ, ಅವು ಬಂದ ಮನೆಯ ಬಾಗಿಲನ್ನು ತಟ್ಟದಿರುವುದು ಸೋಜಿಗ. ಪದವಿಯ ಪಠ್ಯಕ್ರಮ 2021ರಲ್ಲೊಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾಯಿತು. ಕಾಲಾವಧಿ, ಅಂಕ, ಪತ್ರಿಕೆಗಳ ಸಂಖ್ಯೆ, ಇವುಗಳ ಬಗ್ಗೆ ನಡೆದ ಚರ್ಚೆಗೆ ಕೊನೆಯಿರಲಿಲ್ಲ. ಈ ಮಾತನ್ನು ಮಾತ್ರ ನಾನು ಭಾಗವಹಿಸಿದ ಯಾವ ಸಭೆಯಲ್ಲಿಯೂ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ವಿಜಯಪುರದ ವಿದ್ವಾಂಸರು ಆದಿಲಶಾಹಿ ಕಾಲದ ಪಾರಸೀ, ದಖನಿ ಗ್ರಂಥಗಳನ್ನು ಬಲ್ಲವರ ನೆರವಿನಿಂದ ಕನ್ನಡಕ್ಕೆ ತರಿಸಿದುದು ಇತ್ತೀಚಿನ ದೊಡ್ಡ ಕೆಲಸ. ಅಲ್ಲಿ ಆದುದು ಇಲ್ಲೇಕೆ ಆಗಬಾರದು? ಗೆನೀಜಾದ ಕಾಗದಗಳಂತೂ ಈಗ ಚಿತ್ರರೂಪದಲ್ಲಿ ಹೊಳಲ್ಕೆರೆಯ ಮನೆಯಲ್ಲಿ ಕುಳಿತವನಿಗೂ ದೊರೆಯುತ್ತವೆ. ಹಡಗನ್ನೇರುವ ಕಷ್ಟ ಹೋಗಿದೆ. ಅಕ್ಷರದ ಕಷ್ಟ ಉಳಿದಿದೆ.

ನಮ್ಮ ಅಧ್ಯಾಪಕರ ಕೋಣೆಯಲ್ಲಿ ನನ್ನ ಎದುರು ಮೇಜಿನಲ್ಲಿ ಕುಳಿತುಕೊಳ್ಳುವವರು ಉರ್ದು ಅಧ್ಯಾಪಕರು. ಅವರ ತರಗತಿಯಲ್ಲಿ ಹುಡುಗರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಈ ಜೂನ್ ತಿಂಗಳಿಂದ ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಇಬ್ಬರು ವಿದ್ಯಾರ್ಥಿನಿಯರೂ ಅವರ ಬಳಿ ಅಲಿಫ್, ಬೇ ತಿದ್ದುತ್ತಿದ್ದೇವೆ. ನಲವತ್ತು ದಾಟಿದ ಕೈ ಬಲದಿಂದ ಎಡಕ್ಕೆ ಸುಲಭವಾಗಿ ಹೊರಳುವುದಿಲ್ಲ. ಮೊನ್ನೆ ನಾನು ಹಾಳೆಯ ಮೇಲೆ ಬೇ, ಮೀಮ್, ಅಲಿಫ್ ಮೂರನ್ನೇ ಬರೆದು ಅವರ ಮುಂದಿಟ್ಟೆ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, “ಬಮಾ... ಇದಾವ ಶಬ್ದ, ಮೇಷ್ಟ್ರೆ?” ಎಂದರು. ಹಿರಿಯೂರು ಕಡೆಯ ವಿದ್ಯಾರ್ಥಿನಿ ಬಗ್ಗಿ ನೋಡಿ, “ಸಾರ್, ಅದು ನಮ್ಮಜ್ಜನ ಹೆಸರು” ಎಂದಳು.