ಸರಿಯಾದ ಸಮಿತಿ ಅಧ್ಯಾಪಕರಿಗೂ ಬೇಕು

ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ನಿಯಮ ಬಿಗಿಯಾಗಬೇಕು ಎಂದೊಡನೆ ಸ್ಟಾಫ್ ರೂಮಿನಲ್ಲಿ ಎರಡು ಮಾತು ಏಳುತ್ತವೆ. ‘ಅಂಕ ಕಡಿಮೆ ಕೊಟ್ಟರೆ ನಾಳೆ ನಮ್ಮ ಮೇಲೂ ದೂರು ಬರುತ್ತದೆ’ ಎಂಬುದು ಒಂದು. ‘ಸಂಸ್ಥೆಯ ಮಾನ ಹೋಗುತ್ತದೆ’ ಎಂಬುದು ಇನ್ನೊಂದು.

ಮೊದಲನೆಯ ಅಂಜಿಕೆಗೆ ಉತ್ತರ ಉತ್ತರ ಕನ್ನಡ ಜಿಲ್ಲೆಯ ಜೊಯಿಡಾದ ಗಡಿಯಾಚೆಯೇ ಇದೆ. ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ಮೇಲೆ 2009ರಲ್ಲಿ ವಿದ್ಯಾರ್ಥಿನಿಯರು ಲೈಂಗಿಕ ಕಿರುಕುಳದ ದೂರು ಕೊಟ್ಟರು, ಆ ಮುಖ್ಯಸ್ಥರು ವಜಾಗೊಂಡರು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ವಜಾ ಆದೇಶ ರದ್ದುಮಾಡಿ, ವಿಚಾರಣೆಯನ್ನು ಮತ್ತೆ ವಿಶ್ವವಿದ್ಯಾಲಯದ ದೂರು ಸಮಿತಿಗೇ ಕಳಿಸಿತು. ಸಮಿತಿಯ ಆತುರದಲ್ಲಿ ಆರೋಪಿಗೆ ತಮ್ಮ ಸಮರ್ಥನೆಗೆ ತಕ್ಕ ಕಾಲಾವಕಾಶವೇ ಸಿಕ್ಕಿರಲಿಲ್ಲ ಎಂಬುದು ಕಾರಣ. ಅಷ್ಟರಲ್ಲಿ 14 ವರ್ಷ ಕಳೆದಿದ್ದರೂ ದೂರಿತ್ತವರಿಗೂ ನ್ಯಾಯ ಸಿಕ್ಕಿರಲಿಲ್ಲ, ಆರೋಪಿಗೂ ಇತ್ಯರ್ಥ ಸಿಕ್ಕಿರಲಿಲ್ಲ. ವಿಚಾರಣೆ ಕೆಟ್ಟರೆ ಕೆಡುವುದು ಇಬ್ಬರ ಬದುಕೂ. ಹಾಗಿರುವಾಗ ಸರಿಯಾದ ಸಮಿತಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವರು ಅಧ್ಯಾಪಕರೇ.

ಎರಡನೆಯ ಮಾತಿಗೆ ಇದೇ ಜಿಲ್ಲೆಯ ಮುಂಡಗೋಡದ ಟಿಬೆಟನ್ ಕಾಲೊನಿಯವರಿಗೆ ಬೇರೆ ಉತ್ತರ ಬೇಕಿಲ್ಲ. ಬೌದ್ಧ ಗುರುಗಳಿಂದ ದೌರ್ಜನ್ಯಕ್ಕೊಳಗಾದವರನ್ನು 2018ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಭೇಟಿಯಾದ ದಲೈ ಲಾಮಾ, ಇಂಥ ಸಂಗತಿ ತಮಗೆ 1990ರ ದಶಕದಿಂದಲೂ ಗೊತ್ತಿತ್ತೆಂದು ಬಹಿರಂಗವಾಗಿ ಹೇಳಿದರು. ಅದರಿಂದ ಧರ್ಮವೇನೂ ಮುಳುಗಲಿಲ್ಲ. ಹಾಗಿದ್ದ ಮೇಲೆ ಒಂದು ಕಾಲೇಜಿನ ಹೆಸರು ಯಾವ ಲೆಕ್ಕ?

ಸರಿಯಾದ ಸಮಿತಿ ಹೇಗಿರಬೇಕೆಂಬುದರಲ್ಲಿ ಯುಜಿಸಿಯ 2015ರ ನಿಯಮಾವಳಿ ಸ್ಪಷ್ಟವಾಗಿದೆ. ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿಯೇ ಅಧ್ಯಕ್ಷೆ. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು ಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಆಡಳಿತ ತನಗೆ ಬೇಕಾದವರ ಹೆಸರು ಬರೆದು ಫಲಕ ತೂಗುಹಾಕಿದರೆ ಅದು ಸಮಿತಿಯಾಗದು, ಮೌಲ್ಯಮಾಪನಕ್ಕೆ ಬರುವ ನ್ಯಾಕ್ ತಂಡಕ್ಕೆ ತೋರಿಸುವ ಕಾಗದವಾದೀತು ಅಷ್ಟೆ.

ದೂರು ಕೊಡಲು ಇರುವುದು ಮೂರೇ ತಿಂಗಳು; ಕಾರಣವಿದ್ದರೆ ಇನ್ನೂ ಮೂರು. ಊರು ಬಿಟ್ಟು ಹಾಸ್ಟೆಲಿನಲ್ಲಿ ಓದುವ, ಕನ್ನಡ ಫಲಕ ಓದಲಾಗದ, ಪೊಲೀಸ್ ಎಂದರೆ ಭಾರತದಲ್ಲಿ ನೆಲೆಸಲು ಬೇಕಾದ ತನ್ನ ನೋಂದಣಿ ಪ್ರಮಾಣಪತ್ರಕ್ಕೆ ಏನಾದೀತೋ ಎಂದು ಅಂಜುವ ಟಿಬೆಟನ್ ಹುಡುಗಿಗೆ ಈ ಗಡುವು ಸಾಲದು. ನಿಯಮ ಅವಳ ಪೌರತ್ವ ಕೇಳುವುದಿಲ್ಲ. ಬರೆಯಲಾಗದವಳ ದೂರನ್ನು ಬರೆಸಿಕೊಳ್ಳಲು ನೆರವಾಗುವ ಹೊಣೆ ಸಮಿತಿಯದೇ. ಇದನ್ನು ಅವಳಿಗೆ ಹೇಳುವವರು ಯಾರು?

ಗಡುವು ಒಂದು ವರ್ಷವಾಗಲಿ. ಫಲಕ ಟಿಬೆಟನ್ ಭಾಷೆಯಲ್ಲೂ ಇರಲಿ. ಸದಸ್ಯರಿಗೆ ವಿಚಾರಣೆ ನಡೆಸುವ ತರಬೇತಿ ಸಿಗಲಿ. ವೇತನಕ್ಕಾಗಿ ಬೀದಿಗಿಳಿಯುವ ಅಧ್ಯಾಪಕರ ಸಂಘಗಳು ತಮ್ಮ ಬೇಡಿಕೆ ಪಟ್ಟಿಗೆ ಈ ಮೂರನ್ನೂ ಸೇರಿಸಿಕೊಳ್ಳಲಿ.