ಸರ್ವನಾಮದ ಬೆನ್ನಿಗಿರುವ ಸಣ್ಣ ಮಾತು

ಮುಂಬಯಿಯಿಂದ ಚೆನ್ನೈಗೆ ಸಾಗುವ ರೈಲುಹಾದಿಯಿಂದ ಸಿಕಂದರಾಬಾದಿನ ಹಾದಿ ಕವಲೊಡೆಯುವುದು ವಾಡಿಯಲ್ಲಿ. 1874ರಲ್ಲಿ ನಿಜಾಮರ ಸೀಮೆಯ ಆ ಕವಲುಹಾದಿ ತೆರೆದಂದಿನಿಂದ ಇಲ್ಲಿ ಹಳಿಗಳೊಡನೆ ನುಡಿಗಳೂ ಕೂಡಿಕೊಂಡಿವೆ. ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಇಂಗ್ಲಿಷು ಮಾತ್ರ ಯಾರ ಮನೆಯ ಮಾತೂ ಅಲ್ಲ. ಆದರೂ ಮಕ್ಕಳ ಪರೀಕ್ಷೆ ಸಮೀಪಿಸಿದೊಡನೆ ಅದು ಎಲ್ಲರ ಮನೆಯ ಚಿಂತೆಯಾಗುತ್ತದೆ.

ಆ ಚಿಂತೆಯ ನಡುವೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ತಪ್ಪೊಂದುಂಟು. ಹುಡುಗನು ‘ಹಿ ಗೋಸ್’ ಎಂದು ಸರಿಯಾಗಿ ಬರೆಯುತ್ತಾನೆ. ಮರುಸಾಲಿನಲ್ಲಿ ‘ಹಿ ಕ್ಯಾನ್ ಗೋಸ್’ ಎಂದೋ ‘ಹಿ ಮಸ್ಟ್ ಟು ಗೋ’ ಎಂದೋ ಬರೆದು ಕೆಂಪು ಗೆರೆಗೆ ಗುರಿಯಾಗುತ್ತಾನೆ. ಇದನ್ನು ದಡ್ಡತನವೆಂದು ಗದರಿಸುವ ಹಿರಿಯರು ಒಂದು ಕ್ಷಣ ಯೋಚಿಸಬೇಕು. ‘ಅವನು’, ‘ಅವಳು’, ‘ಅದು’ ಎಂಬ ಕರ್ತೃವಿದ್ದಾಗ ವರ್ತಮಾನಕಾಲದ ಕ್ರಿಯಾಪದಕ್ಕೆ ‘ಎಸ್’ ಸೇರಿಸಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಹುಡುಗನು ಆ ಮಾತನ್ನು ನಂಬಿ ನಡೆದಿದ್ದಾನೆ, ಅಷ್ಟೆ. ಮೇಲಾಗಿ ಅವನ ತಾಯ್ನುಡಿಯೂ ಅದನ್ನೇ ಕಲಿಸಿದೆ. ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ: ಕರ್ತೃ ಬದಲಾದಂತೆಲ್ಲ ಕ್ರಿಯಾಪದದ ಬಾಲವೂ ಬದಲಾಗುತ್ತದೆ. ಹೀಗಿರುವಾಗ ‘ಕ್ಯಾನ್’, ‘ಮಸ್ಟ್’, ‘ಮೇ’, ‘ವಿಲ್’, ‘ಶಲ್’ ಎಂಬ ಸಹಾಯಕ ಪದಗಳು ಯಾವ ಸರ್ವನಾಮದ ಬೆನ್ನಿಗೆ ಬಂದರೂ ಮಿಸುಕದೆ ನಿಲ್ಲುವುದು ಅವನಿಗೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವೇನು?

ಆದರೆ ವಿಚಿತ್ರವೆಂದು ಹೇಳುವ ಮೊದಲು ನಮ್ಮ ಮನೆಯೊಳಗೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಾನು ಹೋಗಬೇಕು, ನೀನು ಹೋಗಬೇಕು, ಅವನು ಹೋಗಬೇಕು, ಅವರು ಹೋಗಬೇಕು. ‘ಬೇಕು’ ಎಲ್ಲಿ ಬದಲಾಯಿತು? ‘ಬಹುದು’ ಎಂಬುದೂ ಹಾಗೆಯೇ. ‘ಬಾರದು’, ‘ಕೂಡದು’, ‘ಬೇಡ’ ಎಂಬುವೂ ಹಾಗೆಯೇ. ‘ಅವನು ಹೋಗಬೇಕಾನೆ’ ಎಂದು ಯಾವ ಕನ್ನಡದ ಕೂಸೂ ತೊದಲಿದ್ದಿಲ್ಲ. ಅಷ್ಟೇ ಅಲ್ಲ, ‘ಹೋಗ’ ಎಂಬ ರೂಪವು ನಡುವೆ ಯಾವ ಪ್ರತ್ಯಯವನ್ನೂ ಬೇಡದೆ ‘ಬೇಕು’ ಎಂಬುದಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ. ‘ಮಸ್ಟ್ ಗೋ’ ಎಂಬಲ್ಲಿ ನಡುವೆ ‘ಟು’ ಬಾರದಂತೆ. ವಾಡಿಯ ನೆರೆಯ ತೆಲುಗಿನಲ್ಲಿಯೂ ‘ನೇನು ವೆಳ್ಳಾಲಿ, ಅತನು ವೆಳ್ಳಾಲಿ’ ಎಂದೇ ನುಡಿ. ಉರ್ದುವಿನ ‘ಚಾಹಿಯೇ’ ಎಂಬುದೂ ನಾನು, ನೀನು, ಅವನು ಎಂಬ ಭೇದವನ್ನೆಣಿಸದು. ಅಂದ ಮೇಲೆ ಈ ಊರಿನ ಮಗುವಿಗೆ ಇಂಗ್ಲಿಷಿನ ಈ ನಿಯಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದು ಆಗಲೇ ಬಲ್ಲುದನ್ನು ನೆನಪಿಸಿದರೆ ಸಾಕು.

ಎರಡು ಭಾಷೆಗಳಲ್ಲಿಯೂ ಈ ಮೊಂಡುತನಕ್ಕೆ ಹಳೆಯ ಕಾರಣಗಳಿವೆ. ‘ಬಾರದು’, ‘ಕೂಡದು’ ಎಂಬುವು ಮೂಲದಲ್ಲಿ ‘ಬರು’, ‘ಕೂಡು’ ಧಾತುಗಳ ನಿಷೇಧರೂಪಗಳು, ಅವೂ ನಪುಂಸಕಲಿಂಗದ ಏಕವಚನಗಳು. ‘ನೀನು ಹೋಗಬಾರದು’ ಎಂಬಲ್ಲಿ ‘ಬಾರದು’ ಹೊಂದಿಕೊಂಡಿರುವುದು ‘ನೀನು’ ಎಂಬ ವ್ಯಕ್ತಿಗಲ್ಲ, ಹೋಗುವುದೆಂಬ ಕಾರ್ಯಕ್ಕೆ. ಕಾರ್ಯಕ್ಕೆ ಗಂಡು ಹೆಣ್ಣೆಂಬುದಿಲ್ಲವಾದ್ದರಿಂದ ರೂಪವೂ ಒಂದೇ ಆಗಿ ಉಳಿಯಿತು. ಇಂಗ್ಲಿಷಿನ ಕಾರಣ ಬೇರೆ. ‘ಕ್ಯಾನ್’, ‘ಮೇ’, ‘ಶಲ್’ ಮೊದಲಾದವು ಬಹು ಪ್ರಾಚೀನಕಾಲದಲ್ಲಿ ಭೂತಕಾಲದ ರೂಪಗಳಾಗಿದ್ದು, ಮುಂದೆ ವರ್ತಮಾನದ ಅರ್ಥಕ್ಕೆ ಹೊರಳಿದವು. ಭೂತಕಾಲದಲ್ಲಿ ‘ಹಿ’ ಬಂದರೂ ‘ಎಸ್’ ಹತ್ತುವುದಿಲ್ಲವಷ್ಟೆ. ಆ ಹಳೆಯ ಅಭ್ಯಾಸವನ್ನು ಇವು ಬಿಡಲಿಲ್ಲ. ‘ದೌ’ ಎಂಬ ಏಕವಚನದ ‘ನೀನು’ ಬಳಕೆಯಲ್ಲಿದ್ದಷ್ಟು ಕಾಲ ‘ಕ್ಯಾನ್‌ಸ್ಟ್’, ‘ಶಾಲ್ಟ್’ ಎಂಬ ಬೇರೆ ರೂಪಗಳಿದ್ದವು. 1611ರ ಬೈಬಲ್ ಭಾಷಾಂತರದಲ್ಲಿ ಅವು ಇಂದಿಗೂ ಕಾಣುತ್ತವೆ. ‘ದೌ’ ಮರೆಯಾಯಿತು, ಅದರ ಹಿಂದೆಯೇ ಅವೂ ಮರೆಯಾದವು.

ಇಲ್ಲಿ ಇನ್ನೊಂದು ಸೊಗಸುಂಟು. ‘ಕ್ಯಾನ್’ ಎಂಬುದರ ಮೊದಲ ಅರ್ಥ ‘ತಿಳಿದಿರುವುದು’ ಎಂದು. ತಿಳಿದವನೇ ಸಮರ್ಥನೆಂಬ ಭಾವದಿಂದ ಅದು ಶಕ್ತಿಯನ್ನು ಸೂಚಿಸತೊಡಗಿತು. ನಮ್ಮ ‘ಬಲ್ಲೆ’ಯೂ ಇದೇ ಹಾದಿಯದು: ‘ಅವರನ್ನು ಬಲ್ಲೆ’ ಎಂದರೆ ತಿಳಿವು, ‘ಈಜಬಲ್ಲೆ’ ಎಂದರೆ ಸಾಮರ್ಥ್ಯ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಒಂದೇ ರೀತಿಯಾಗಿ ಯೋಚಿಸಿದವು. ಆದರೆ ‘ಬಲ್ಲ’ ಮಾತ್ರ ಬದಲಾಗುತ್ತದೆ: ಬಲ್ಲೆ, ಬಲ್ಲೆಯಾ, ಬಲ್ಲನು, ಬಲ್ಲಳು, ಬಲ್ಲರು. ‘ಲಾರೆ, ಲಾರನು, ಲಾರಳು’ ಎಂಬುದೂ ಹಾಗೆಯೇ. ಆದ್ದರಿಂದ ‘ಕ್ಯಾನ್’ ಎಂಬುದನ್ನು ‘ಬಲ್ಲೆ’ಯ ಮೂಲಕ ಕಲಿಸುವವರು ಅರ್ಥವನ್ನು ಕೊಟ್ಟರೂ ರೂಪದಲ್ಲಿ ಮಗುವನ್ನು ದಾರಿ ತಪ್ಪಿಸಿಯಾರು. ರೂಪಕ್ಕೆ ‘ಬೇಕು’, ಅರ್ಥಕ್ಕೆ ‘ಬಲ್ಲೆ’: ಹೀಗೆ ಹಂಚಿಕೊಂಡರೆ ತೊಡಕಿಲ್ಲ.

ರೂಪ ಸರಿಹೋದ ಮೇಲೂ ದೊಡ್ಡ ಅಪಾಯವೊಂದು ಉಳಿಯುತ್ತದೆ. ಸಿಕಂದರಾಬಾದಿನ ಹಾದಿಯಲ್ಲಿ ಚಿತ್ತಾಪುರವನ್ನು ದಾಟಿದರೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನೃಪತುಂಗನ ಆಸ್ಥಾನದ ಕೃತಿ. ಸಂಸ್ಕೃತ ಪದಗಳನ್ನೂ ಕನ್ನಡ ಪದಗಳನ್ನೂ ವಿವೇಚನೆಯಿಲ್ಲದೆ ಬೆಸೆದರೆ ಮಾತು ಕೆಡುತ್ತದೆಂದು ಎಚ್ಚರಿಸಿದ ಗ್ರಂಥವದು. ಒಂದು ಭಾಷೆಯ ಮಾತನ್ನು ಇನ್ನೊಂದರೊಳಕ್ಕೆ ತರುವಾಗ ಆ ಎಚ್ಚರ ಇಂದಿಗೂ ಬೇಕಾದದ್ದೇ.

ರಜೆಯ ಅರ್ಜಿಯನ್ನೇ ತೆಗೆದುಕೊಳ್ಳಬಹುದು. ‘ತಾವು ದಯವಿಟ್ಟು ಎರಡು ದಿನ ರಜೆ ಕೊಡಬೇಕು’ ಎಂದು ಕನ್ನಡದಲ್ಲಿ ಬರೆದರೆ ಅದರಲ್ಲಿ ವಿನಯವಲ್ಲದೆ ಬೇರೇನೂ ಇಲ್ಲ. ಇದನ್ನೇ ಪದಕ್ಕೆ ಪದವಿಟ್ಟು ‘ಯೂ ಮಸ್ಟ್ ಗಿವ್ ಮಿ ಲೀವ್’ ಎಂದು ಬರೆದರೆ ಬಿನ್ನಹವು ಅಪ್ಪಣೆಯಾಗಿ ಮೇಲಧಿಕಾರಿಯ ಮೇಜಿನ ಮೇಲೆ ಬೀಳುತ್ತದೆ. ಬರೆದವನು ಕೈಮುಗಿದು ನಿಂತಿದ್ದಾನೆ; ಓದಿದವನಿಗೆ ಅವನು ಮುಷ್ಟಿ ಹಿಡಿದು ನಿಂತಂತೆ ಕಾಣುತ್ತದೆ. ಗಣಿಯಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ, ರೈಲ್ವೆ ಕಚೇರಿಯಲ್ಲಿ ಕೆಲಸ ಬೇಡುವ ತರುಣನಿಗೆ ಇದು ವ್ಯಾಕರಣದ ಅಂಕಗಳ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ದೋಷವೆಲ್ಲಿದೆ? ಕನ್ನಡಿಗನು ಮರ್ಯಾದೆಯನ್ನು ಸರ್ವನಾಮದಲ್ಲಿಯೇ ಇಟ್ಟಿದ್ದಾನೆ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ಕಲಬುರಗಿಯ ಕಡೆಯಲ್ಲಿ ಬದಲಾಗದ ‘ಬೇಕು’ ಎಂಬುದಕ್ಕೂ ‘ರಿ’ ಹಚ್ಚಿ ‘ನೀವು ಬರಬೇಕ್ರಿ’ ಎನ್ನುತ್ತಾರೆ. ಆ ಒಂದಕ್ಷರದಿಂದ ಒತ್ತಾಯವು ಆದರವಾಗುತ್ತದೆ. ಇಂಗ್ಲಿಷಿನಲ್ಲಿಯಾದರೋ ‘ಯೂ’ ಒಂದೇ. ಕೂಸಿಗೂ ‘ಯೂ’, ಕಲೆಕ್ಟರರಿಗೂ ‘ಯೂ’. ಸರ್ವನಾಮವು ಇಳಿಸಿದ ಹೊರೆಯನ್ನು ಅದರ ಪಕ್ಕದ ಸಣ್ಣ ಪದವು ಹೊರಬೇಕಾಗುತ್ತದೆ. ‘ಕ್ಯಾನ್ ಯೂ’ ಎಂದರೆ ಸಲಿಗೆ. ‘ಕುಡ್ ಯೂ’, ‘ವುಡ್ ಯೂ’ ಎಂದರೆ ಮರ್ಯಾದೆ. ‘ಮೇ ಐ’ ಎಂದರೆ ಅಪ್ಪಣೆ ಕೇಳುವಿಕೆ. ‘ಕುಡ್’, ‘ವುಡ್’ ಎಂಬುವು ‘ಕ್ಯಾನ್’, ‘ವಿಲ್’ ಎಂಬುವುಗಳ ಭೂತಕಾಲದ ರೂಪಗಳು. ಕೇಳಿಕೆಯನ್ನು ಕಾಲದಲ್ಲಿ ಹಿಂದಕ್ಕೆ ಸರಿಸಿ ಅದರ ಮೊನಚನ್ನು ಮೊಂಡಾಗಿಸುವ ಉಪಾಯವಿದು. ಇದೂ ನಮಗೆ ಅಪರಿಚಿತವಲ್ಲ. ‘ನಿಮ್ಮಿಂದ ಒಂದು ಉಪಕಾರ ಬೇಕಾಗಿತ್ತು’ ಎಂದು ಬಾಗಿಲಲ್ಲಿ ನಿಂತವನಿಗೆ ಉಪಕಾರ ಬೇಕಾಗಿರುವುದು ನಿನ್ನೆಯಲ್ಲ, ಈಗಲೇ!

ಈ ಸಣ್ಣ ಪದಗಳ ತೂಕವನ್ನು ಕಾನೂನು ಬಲ್ಲವರು ಚೆನ್ನಾಗಿ ಅರಿತಿರುತ್ತಾರೆ. ರೈಲ್ವೆಯ ನಿಯಮಗಳಲ್ಲಿ ‘ಶಲ್’ ಎಂದಿದ್ದರೆ ಅದು ಮಾಡಲೇಬೇಕಾದ ಕರ್ತವ್ಯ. ‘ಮೇ’ ಎಂದಿದ್ದರೆ ಮಾಡಬಹುದಾದ ಕೆಲಸ. ವಾಡಿ, ಶಹಾಬಾದ್, ಸೇಡಂ, ಚಿಂಚೋಳಿಗಳ ಮಕ್ಕಳ ವಿದ್ಯೆಗೂ ಉದ್ಯೋಗಕ್ಕೂ ವಿಶೇಷ ಆಸರೆಯಾಗಿರುವ ಸಂವಿಧಾನದ 371 ಜೆ ವಿಧಿಯನ್ನು 2012ರ ತೊಂಬತ್ತೆಂಟನೆಯ ತಿದ್ದುಪಡಿಯು ಸೇರಿಸಿತು. ಅದರ ಇಂಗ್ಲಿಷ್ ಪಾಠದ ಮೊದಲಲ್ಲಿ ರಾಷ್ಟ್ರಪತಿಗಳ ಹೆಸರಿನ ಬೆನ್ನಿಗಿರುವ ಪದ ‘ಮೇ’, ‘ಶಲ್’ ಅಲ್ಲ. ಅಂದರೆ ಅದು ಮೊದಲಿಗೆ ಒಂದು ಅಧಿಕಾರವನ್ನು ಕೊಡುತ್ತದೆ. ಆ ಅಧಿಕಾರವನ್ನು ಚಲಾಯಿಸಿ ಆಜ್ಞೆ ಹೊರಟದ್ದು 2013ರಲ್ಲಿ. ‘ಬಹುದು’ ಎಂಬುದಕ್ಕೂ ‘ಬೇಕು’ ಎಂಬುದಕ್ಕೂ ನಡುವಣ ಅಂತರ ಒಂದು ನಾಡಿನ ಪಾಲಿಗೆ ಎಷ್ಟು ದೊಡ್ಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತಾಯಿತಂದೆಗಳು ಇಂಗ್ಲಿಷ್ ಪಂಡಿತರಾಗಬೇಕಾದದ್ದಿಲ್ಲ. ‘ಹಿ ಮಸ್ಟ್ ಗೋ’ ಎಂಬುದರ ಪಕ್ಕದಲ್ಲಿ ‘ಅವನು ಹೋಗಬೇಕು’ ಎಂದು ಬರೆಯಿಸಿ, ಎರಡನ್ನೂ ಗಟ್ಟಿಯಾಗಿ ಓದಿಸಿದರೆ ರೂಪವು ತಾನಾಗಿ ನಿಲ್ಲುತ್ತದೆ. ಅನಂತರ ಪ್ರಶ್ನೆಯೊಂದನ್ನು ಕೇಳಬೇಕು: ಈ ಮಾತನ್ನು ಯಾರಿಗೆ ಹೇಳುತ್ತಿದ್ದೀಯೆ, ತಮ್ಮನಿಗೋ, ಮೇಷ್ಟರಿಗೋ? ಉತ್ತರಕ್ಕೆ ತಕ್ಕಂತೆ ‘ಕ್ಯಾನ್’ ಎಂಬುದು ‘ಕುಡ್’ ಆಗಬೇಕೆಂದು ಮಗುವಿಗೆ ಹೊಳೆದರೆ ಅದು ಇಂಗ್ಲಿಷಿನ ವ್ಯಾಕರಣವನ್ನಷ್ಟೇ ಅಲ್ಲ, ಅದರ ನಡೆನುಡಿಯನ್ನೂ ಕಲಿತಂತೆ. ತಾಯ್ನುಡಿಯನ್ನು ಚೆನ್ನಾಗಿ ಬಲ್ಲವನಿಗೆ ಪರನುಡಿ ಎಂದೂ ಪೂರ್ತಿ ಪರಕೀಯವಲ್ಲ.