ಉಬ್ಬಸವು ಹಣೆಯ ಬರಹವಲ್ಲ

ಶ್ರಾವಣಮಾಸ ಕಾಲಿಟ್ಟಿತೆಂದರೆ ನಮ್ಮ ಸಾಲಿಗ್ರಾಮ, ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳಲ್ಲಿ ಸೌದೆ ಉರಿಯತೊಡಗುತ್ತದೆ. ಅಂಥದೊಂದು ದಿನ ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಉಸಿರು ಸಿಕ್ಕದೆ ಮೇಜನ್ನು ಹಿಡಿದು ನಿಂತಳು. ವೈದ್ಯರು ಕೊಟ್ಟ ಇನ್‌ಹೇಲರ್ ಆಕೆಯ ಚೀಲದಲ್ಲಿಯೇ ಇತ್ತು. ಗೆಳತಿಯರ ಎದುರಿಗೆ ಅದನ್ನು ಹೊರತೆಗೆಯಲು ಸಂಕೋಚ. ಚೇತರಿಸಿಕೊಂಡ ಮೇಲೆ ಆಕೆ, "ಅಜ್ಜಿಗೂ ಇತ್ತು ಸಾರ್, ಅಪ್ಪನಿಗೂ ಇದೆ. ನಮ್ಮ ವಂಶಕ್ಕೇ ಬಂದದ್ದು, ಏನು ಮಾಡಿ ಏನು ಪ್ರಯೋಜನ?" ಎಂದಳು.

ಆ ಮಾತಿನ ಮೊದಲ ಭಾಗದಲ್ಲಿ ಸತ್ಯವುಂಟು. ಕೊನೆಯ ಪ್ರಶ್ನೆಯಲ್ಲಿರುವ ನಿರಾಶೆ ಮಾತ್ರ ಶುದ್ಧ ತಪ್ಪು. ಆ ತಪ್ಪು ಎಷ್ಟು ಅಪಾಯಕರವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಉಬ್ಬಸದಲ್ಲಿ ನಡೆಯುವುದೇನು? ನಮ್ಮ ದೇಹವನ್ನು ಕಾಯುವ ಬಿಳಿ ರಕ್ತಕಣಗಳಲ್ಲಿ ಅನೇಕ ಬಗೆಗಳಿವೆ. ಅವುಗಳಲ್ಲಿ ಸಹಾಯಕ ಟಿ-ಕಣಗಳು ಅಪ್ಪಣೆ ಕೊಡುವ ಅಧಿಕಾರಿಗಳಂತೆ. ಹೂವಿನ ಪರಾಗ, ಹಾಸಿಗೆಯ ಧೂಳಿನಲ್ಲಿರುವ ನುಸಿಯ ಅಂಶ, ಜಿರಲೆಯ ಅಂಶ ಮೊದಲಾದ ನಿರುಪದ್ರವಿ ವಸ್ತುಗಳನ್ನು ಕೆಲವರ ದೇಹದಲ್ಲಿ ಈ ಕಣಗಳು ಶತ್ರುವೆಂದು ಎಣಿಸುತ್ತವೆ. ಕೂಡಲೆ ಅವುಗಳಿಂದ ರಾಸಾಯನಿಕ ಸಂದೇಶಗಳು ಹೊರಡುತ್ತವೆ. ಒಂದು ಸಂದೇಶದಿಂದ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. 1966ರಲ್ಲಿ ಇದನ್ನು ಗುರುತಿಸಿದವರಲ್ಲಿ ಜಪಾನಿನ ಇಶಿಝಾಕ ದಂಪತಿಗಳು ಪ್ರಮುಖರು. ಈ ಪ್ರತಿಕಾಯವು ಶ್ವಾಸನಾಳದ ಗೋಡೆಯಲ್ಲಿರುವ ಮಾಸ್ಟ್ ಕಣಗಳ ಮೈಗೆ ಅಂಟಿಕೊಂಡು ಕಾದಿರುತ್ತದೆ. ಅದೇ ಪರಾಗ ಮತ್ತೊಮ್ಮೆ ಒಳಹೊಕ್ಕಾಗ ಮಾಸ್ಟ್ ಕಣಗಳು ಹಿಸ್ಟಮೀನ್ ಮುಂತಾದ ದ್ರವ್ಯಗಳನ್ನು ಚೆಲ್ಲುತ್ತವೆ; ನಾಳದ ಸ್ನಾಯು ಬಿಗಿಯುತ್ತದೆ. ಇನ್ನೊಂದು ಸಂದೇಶದಿಂದ ಇಯೋಸಿನೋಫಿಲ್ ಎಂಬ ಕಣಗಳು ಬಂದು ನೆಲೆಸಿ, ಗೋಡೆಯನ್ನು ಊದಿಸುತ್ತವೆ. ಸ್ನಾಯುವಿನ ಬಿಗಿತ ಗಂಟೆಗಳಲ್ಲಿ ಸಡಿಲವಾಗಬಹುದು. ಈ ಊತವಾದರೋ ವಾರಗಟ್ಟಲೆ ಉಳಿಯುತ್ತದೆ. ಎಲ್ಲ ರೋಗಿಗಳಲ್ಲಿಯೂ ಇದೇ ಬಗೆಯಲ್ಲ. ಮಕ್ಕಳಲ್ಲಿ ಮಾತ್ರ ಇದು ಬಹಳ ಸಾಮಾನ್ಯ.

ನಾಳ ಕಿರಿದಾದರೆ ಎಷ್ಟು ನಷ್ಟವೆಂಬುದನ್ನು ಭೌತಶಾಸ್ತ್ರ ಹೇಳುತ್ತದೆ. ಪ್ವಾಸೆಯ ಎಂಬ ಫ್ರೆಂಚ್ ವಿಜ್ಞಾನಿಯ ನಿಯಮದಂತೆ, ಸಣ್ಣ ಕೊಳವೆಯಲ್ಲಿ ಶಾಂತವಾಗಿ ಹರಿಯುವ ದ್ರವದ ಪ್ರಮಾಣವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಕಿರಿಯ ಶ್ವಾಸನಾಳಗಳ ಗಾಳಿಗೂ ಇದು ಸ್ಥೂಲವಾಗಿ ಅನ್ವಯಿಸುತ್ತದೆ. ತ್ರಿಜ್ಯ ಹತ್ತನೆಯ ಒಂದು ಪಾಲು ಕುಗ್ಗಿದರೆ ಗಾಳಿಯ ಮೂರನೆಯ ಒಂದು ಪಾಲು ನಷ್ಟ. ಅರ್ಧಕ್ಕೆ ಇಳಿದರೆ ಉಳಿಯುವುದು ಹದಿನಾರರಲ್ಲಿ ಒಂದೇ ಪಾಲು. ಊತ ಸ್ವಲ್ಪವೇ ಎಂದು ಉಪೇಕ್ಷಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇನ್ನು ವಂಶದ ಮಾತು. 2007ರಲ್ಲಿ ಯೂರೋಪಿನ ಮಕ್ಕಳನ್ನು ಪರೀಕ್ಷಿಸಿದ ವಿಜ್ಞಾನಿಗಳು, 17ನೆಯ ಕ್ರೋಮೊಸೋಮಿನ ಒಂದು ಭಾಗದಲ್ಲಿ ಬಾಲ್ಯದ ಉಬ್ಬಸಕ್ಕೆ ಸಂಬಂಧಪಟ್ಟ ವ್ಯತ್ಯಾಸಗಳನ್ನು ಕಂಡರು. ಅನಂತರ ಇಂಥ ಇನ್ನೂ ಅನೇಕ ಸ್ಥಾನಗಳು ಪತ್ತೆಯಾದುವು. ಒಂದೊಂದರ ಪ್ರಭಾವವೂ ಅಲ್ಪ. ಆದುದರಿಂದ ತಂದೆತಾಯಿಗಳಿಂದ ಮಗುವಿಗೆ ಬರುವುದು ರೋಗವಲ್ಲ, ರೋಗಕ್ಕೆ ಈಡಾಗುವ ಒಲವು. 2008ರಲ್ಲಿ ಪ್ರಕಟವಾದ ಫ್ರೆಂಚ್ ಕುಟುಂಬಗಳ ಅಧ್ಯಯನವೊಂದು ಇನ್ನೂ ಮುಖ್ಯವಾದ ಸಂಗತಿಯನ್ನು ತಿಳಿಸಿತು: ಅದೇ 17ನೆಯ ಕ್ರೋಮೊಸೋಮಿನ ವ್ಯತ್ಯಾಸವು ಎಳೆವಯಸ್ಸಿನಲ್ಲಿ ತಂಬಾಕಿನ ಹೊಗೆಗೆ ಸಿಕ್ಕಿದವರಲ್ಲಿ ಹೆಚ್ಚು ಅಪಾಯಕಾರಿ. ಮದ್ದು ವಂಶದ್ದಿರಬಹುದು, ಕಿಡಿ ಮನೆಯ ಬೀಡಿಯದು.

ನಮ್ಮ ನಾಡಿನ ಅಂಕಿಗಳೂ ಇದನ್ನೇ ಸೂಚಿಸುತ್ತವೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿದಾಗ, 1979ರಲ್ಲಿ ಶೇಕಡಾ 9 ಇದ್ದ ಉಬ್ಬಸವು 1999ರಲ್ಲಿ ಶೇಕಡಾ 29.5ಕ್ಕೆ ಏರಿತ್ತು. ಆಸ್ಪತ್ರೆಯ ಲೆಕ್ಕವನ್ನು ಊರಿಗೆಲ್ಲ ಅನ್ವಯಿಸಲಾಗದು, ನಿಜ. ಆದರೂ ಇಪ್ಪತ್ತು ವರ್ಷಗಳಲ್ಲಿ ಒಂದು ಜನಾಂಗದ ಜೀನುಗಳು ಬದಲಾಗಲಾರವು. ಬದಲಾದದ್ದು ಗಾಳಿ, ಮನೆ, ಬದುಕುವ ರೀತಿ.

ಹಾಗಾದರೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೇನು? ಮಾಡುವುದು ಬೇಕಾದಷ್ಟಿದೆ. ಇನ್‌ಹೇಲರಿನಲ್ಲಿ ಎರಡು ಬಗೆ: ಬಿಗಿದ ಸ್ನಾಯುವನ್ನು ಸಡಿಲಿಸುವುದು ಒಂದು, ಊತವನ್ನು ಅಡಗಿಸುವ ಸ್ಟೀರಾಯ್ಡ್ ಇನ್ನೊಂದು. ಮೊದಲನೆಯದು ಒಡನೆ ಹಾಯೆನಿಸುವುದರಿಂದ ಜನ ಅದನ್ನಷ್ಟೇ ನಂಬುತ್ತಾರೆ. ಅದೊಂದರಲ್ಲಿಯೇ ದಿನ ತಳ್ಳಬಾರದೆಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗದರ್ಶಿಯೇ ಸಾರಿದೆ. ಇನ್‌ಹೇಲರ್ ಬಹಳ ಬಿರುಸಾದ ಔಷಧ, ಒಮ್ಮೆ ಹಿಡಿದರೆ ಬಿಡಿಸಲಾಗದ ಚಟ ಎಂಬ ಭಯಕ್ಕೆ ಆಧಾರವಿಲ್ಲ. ಸಾಲ್ಬ್ಯುಟಮಾಲ್ ಗುಳಿಗೆಯೊಂದರಲ್ಲಿ 4 ಮಿಲಿಗ್ರಾಂ ಔಷಧವಿದ್ದರೆ, ಇನ್‌ಹೇಲರಿನ ಒಂದು ಸಲದ ಸಿಂಪಡಿಕೆಯಲ್ಲಿ ಇರುವುದು 100 ಮೈಕ್ರೊಗ್ರಾಂ, ಅಂದರೆ ಅದರ ನಲವತ್ತನೆಯ ಒಂದು ಪಾಲು. ನೇರವಾಗಿ ನಾಳಕ್ಕೇ ಸೇರುವುದರಿಂದ ಅಷ್ಟೇ ಸಾಕಾಗುತ್ತದೆ.

ಔಷಧದಷ್ಟೇ ಮುಖ್ಯವಾದುದು ಹೊಗೆಯ ನಿವಾರಣೆ. ಹೊಗೆಸೊಪ್ಪು ಈ ಭಾಗದ ರೈತನ ಅನ್ನವೆಂಬುದನ್ನು ಬಲ್ಲೆ. ನಾಳೆಯೇ ಅದನ್ನು ಬಿಡಿ ಎನ್ನುವುದು ಸುಲಭದ ಉಪದೇಶ. ಆದರೆ ಉರಿಯುವ ಬ್ಯಾರನ್ನಿನ ಬಳಿ ಉಬ್ಬಸದ ಮಕ್ಕಳನ್ನು ಕೆಲಸಕ್ಕೆ ನಿಲ್ಲಿಸದಿರುವುದು, ಅಡುಗೆಮನೆಗೆ ಹೊಗೆ ಹೋಗುವ ದಾರಿ ಮಾಡುವುದು, ಮನೆಯೊಳಗೆ ಬೀಡಿ ಸೇದದಿರುವುದು ಯಾರ ಅನ್ನವನ್ನೂ ಕಸಿಯುವುದಿಲ್ಲ. ಪ್ರತಿ ಶಾಲೆ ಕಾಲೇಜಿನಲ್ಲಿಯೂ ಉಸಿರಿನ ವೇಗವನ್ನಳೆಯುವ ಪೀಕ್ ಫ್ಲೋ ಮೀಟರ್ ಒಂದಿರಬೇಕೆಂಬುದು ನನ್ನ ಅಭಿಪ್ರಾಯ. ಬೆಲೆ ಹೆಚ್ಚಲ್ಲ; ಊದಿ ನೋಡಿದರೆ ನಾಳವು ಕುಗ್ಗುತ್ತಿರುವುದು ಅನೇಕ ವೇಳೆ ಮೊದಲೇ ತಿಳಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ನಾಚಿಕೆ ತೊಲಗಬೇಕು. ಮಗಳಿಗೆ ಗಂಡು ಸಿಕ್ಕದೆಂದು ರೋಗವನ್ನು ಮುಚ್ಚಿಟ್ಟು ಔಷಧ ತಪ್ಪಿಸುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಸಮೀಪದೃಷ್ಟಿಯೂ ವಂಶದಲ್ಲಿ ಬರುತ್ತದೆ. ಹಾಗೆಂದು ಯಾರೂ ಕನ್ನಡಕವನ್ನು ಚೀಲದಲ್ಲಿ ಬಚ್ಚಿಟ್ಟು ತಡವರಿಸುತ್ತ ನಡೆಯುವುದಿಲ್ಲ. ಇನ್‌ಹೇಲರನ್ನೂ ಅಷ್ಟೇ ಸಹಜವಾಗಿ ಹೊರತೆಗೆಯುವ ಧೈರ್ಯವನ್ನು ಗೆಳೆಯ ಗೆಳತಿಯರಾದ ನೀವು ಕೊಡಬಲ್ಲಿರಿ. ಅದಕ್ಕೆ ಯಾವ ವೈದ್ಯರ ಚೀಟಿಯೂ ಬೇಕಿಲ್ಲ.